ನೋವು: ಶೂನ್ಯ

ಕಾಶವ್ವ ಬಡಿಗೇರ ಆಸ್ಪತ್ರೆಯ ಬಾಗಿಲು ದಾಟಿ ಒಳಗೆ ಬಂದಳೆಂದರೆ ಸಿಸ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹದಿನಾಲ್ಕು ತಿಂಗಳಲ್ಲಿ ಇದು ಅವಳ ಒಂಬತ್ತನೆಯ ಭೇಟಿ. ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿಯುವ ಹೆಂಗಸು. ತೋಳು ಗಟ್ಟಿ, ದನಿ ಅದಕ್ಕಿಂತ ಗಟ್ಟಿ. ಸರದಿ ತಪ್ಪಿಸಿದವರನ್ನು ಬೈಯುತ್ತಿದ್ದಳು, ತಡಮಾಡಿದ ಡಾಕ್ಟರನ್ನೂ ಬೈಯುತ್ತಿದ್ದಳು. ಒಮ್ಮೆ ಸಿರಿಂಜನ್ನು ಕಸಿದು ಕಿಟಕಿಯಿಂದ ಹೊರಗೆ ಎಸೆದದ್ದೂ ಇತ್ತು. ಅವಳ ದೂರು ಮಾತ್ರ ಪ್ರತಿಸಲವೂ ಒಂದೇ: ಹೊಟ್ಟೆನೋವು. ರಕ್ತ, ಮೂತ್ರ, ಸ್ಕ್ಯಾನ್ ಎಲ್ಲ ಸರಿಯಾಗಿಯೇ ಬರುತ್ತಿದ್ದವು.

"ಈ ಸಲ ನನಗ ಗುಳಿಗಿ ಬ್ಯಾಡ," ಎಂದಳು ಕಾಶವ್ವ, ಡಾ. ಶಾಂಭವಿ ಇಟಗಿಯ ಎದುರಿನ ಕುರ್ಚಿಯಲ್ಲಿ ಧೊಪ್ಪೆಂದು ಕುಳಿತು. "ಬಳಿ ಹಾಕ್ಕೋರಿ ಡಾಕ್ಟರಬಾಯಾರ. ಹಾಕ್ಕೊಂಡು ನೋಡಿ ಆಮ್ಯಾಲ ಮಾತಾಡ್ರಿ."

ನೋವುಬಳೆ ಆ ಆಸ್ಪತ್ರೆಗೆ ಬಂದು ಮೂರು ವರ್ಷವಾಗಿತ್ತು. ಒಂದು ಬಳೆ ರೋಗಿಯ ಕೈಗೆ, ಅದರ ಜೋಡಿ ಡಾಕ್ಟರ ಕೈಗೆ; ಇಬ್ಬರ ಕಿವಿಯ ಹಿಂದೂ ಗುಂಡಿಯಷ್ಟಗಲದ ಒಂದೊಂದು ಬಿಲ್ಲೆ. ರೋಗಿಯ ನರಗಳು ಮೆದುಳಿಗೆ ಕಳಿಸುವ ನೋವಿನ ಸಂದೇಶವನ್ನು ಓದಿ, ಅದರ ಹತ್ತನೇ ಒಂದು ಪಾಲನ್ನು ಡಾಕ್ಟರ ಮೈಯಲ್ಲಿ ಅದೇ ಜಾಗದಲ್ಲಿ ಮೂಡಿಸುವ ಯಂತ್ರ ಅದು. ಅಳುವ ಕೂಸಿಗೆ ಕಿವಿ ನೋಯುತ್ತಿದೆಯೋ ಹೊಟ್ಟೆಯೋ ಎಂದು ಈಗ ಯಾರೂ ಊಹಿಸಬೇಕಾಗಿರಲಿಲ್ಲ. ಪಾರ್ಶ್ವವಾಯು ಹೊಡೆದು ಮಾತು ನಿಂತ ಮುದುಕರು ಬಳೆ ತೊಟ್ಟ ಡಾಕ್ಟರು "ಇಲ್ಲೇ ಅಲ್ಲ ಅಜ್ಜಾ?" ಎಂದು ಸರಿಯಾದ ಜಾಗ ಮುಟ್ಟಿದಾಗ ಅತ್ತುಬಿಡುತ್ತಿದ್ದರು. ಡಾಕ್ಟರರ ಸ್ವಂತ ಹಲ್ಲುನೋವನ್ನೋ ತಲೆನೋವನ್ನೋ ರೋಗಿಯದೆಂದು ಬರೆದುಬಿಡಬಾರದಲ್ಲ. ಅದಕ್ಕೆ ಪ್ರತಿ ಡಾಕ್ಟರೂ ಬೆಳಿಗ್ಗೆ ಎರಡು ನಿಮಿಷ ಬಳೆ ತೊಟ್ಟು ಸುಮ್ಮನೆ ಕೂಡಬೇಕಿತ್ತು. ಅವರ ಮೈಯಲ್ಲಿ ಮೊದಲೇ ಇರುವ ನೋವುಗಳ ಚಹರೆಯನ್ನು ಯಂತ್ರ ಗುರುತು ಹಾಕಿಕೊಂಡು, ದಿನವಿಡೀ ಅವನ್ನು ಸೋಸಿ ಹೊರಗಿಡುತ್ತಿತ್ತು.

ಜನ ಬೇಗ ಒಗ್ಗಿಕೊಂಡಿದ್ದರು. ಕಾಯಿಲೆಯ ರಜೆ ಕೇಳಿದರೆ ಬಳೆಯ ಚೀಟಿ ತರಲು ಹೇಳುವ ಕಚೇರಿಗಳು ಹುಟ್ಟಿಕೊಂಡವು. ಮನೆಯ ಜಗಳಗಳಲ್ಲೂ "ಹೋಗಿ ಬಳಿ ಹಾಕಿಸ್ಕೊಂಡ ಬಾ, ನೋಡೂಣು" ಎಂಬ ಮಾತು ಬಂತು.

ಶಾಂಭವಿ ಬಳೆ ತೊಟ್ಟು ಕಣ್ಣು ಮುಚ್ಚಿದಳು. ಬಲಗೈ ಹೆಬ್ಬೆರಳಿನಲ್ಲಿ ಚುರುಚುರು ಎಂದಿತು. ಹೆಂಚಿಗೆ ತಾಗಿ ಸುಟ್ಟದ್ದಿರಬೇಕು. ಎಡ ಮೊಣಕಾಲಿನಲ್ಲಿ ಸಣ್ಣ ಎಳೆತ. ಹೊಟ್ಟೆಯಲ್ಲಿ ಹೊಸದೇನೂ ಇರಲಿಲ್ಲ. ಐದು ನಿಮಿಷ ಕಾದಳು. ಇಡೀ ಜಿಲ್ಲೆಯಲ್ಲಿ ಬಳೆಯನ್ನು ಅವಳಷ್ಟು ಚೆನ್ನಾಗಿ ಓದುವವರು ಇಲ್ಲ ಎಂಬ ಹೆಸರಿತ್ತು. ಪಿತ್ತಕೋಶದ ಕಲ್ಲನ್ನು ಸ್ಕ್ಯಾನಿಗಿಂತ ಮೊದಲೇ ಹೇಳುತ್ತಿದ್ದಳು.

"ಕಾಶವ್ವ, ಹೊಟ್ಟ್ಯಾಗ ಏನೂ ಇಲ್ಲ," ಎಂದಳು ಮೆತ್ತಗೆ.

"ಏನೂ ಇಲ್ಲ?"

"ನನಗೇನೂ ತಿಳೀವಲ್ದು. ಮನಸ್ಸಿಗೇನರೆ ಕಷ್ಟ ಐತೇನು? ಮನ್ಯಾಗ..."

ಕಾಶವ್ವ ಬಳೆಯನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದಳು. "ಯಂತ್ರಾ ಸುಳ್ಳ ಹೇಳ್ತೈತಿ, ಇಲ್ಲಾ ನೀ ಸುಳ್ಳ ಹೇಳ್ತಿ," ಎಂದು ಎದ್ದು ಹೋದಳು. ಅವಳ ಕಾರ್ಡಿನಲ್ಲಿ ಶಾಂಭವಿ ನಿಯಮದಂತೆ ಬರೆದು ಸಿಸ್ಟರ ಕೈಯಲ್ಲಿ ಅವಳ ಹಿಂದೆಯೇ ಕಳಿಸಿದಳು: *ಹೊಟ್ಟೆ ನೋವು: ಶೂನ್ಯ.*

ಆ ಸಂಜೆ ಮನೆಯಲ್ಲಿ ಶಾಂಭವಿ ಸೋಫಾದ ಮೇಲೆ ಮೊಣಕಾಲು ಮಡಚಿಕೊಂಡು ಒರಗಿದ್ದಳು. ತಾಯಿ ಶಕುಂತಲಾಬಾಯಿ ಕೇಳುವ ಮೊದಲೇ ಓಂಕಾಳಿನ ಕಷಾಯ ತಂದಿಟ್ಟರು. ಮಗಳಿಗೆ ಹದಿನಾಲ್ಕು ವರ್ಷವಿದ್ದಾಗಿನಿಂದ ಈ ನೋವು ನಡೆದುಬಂದಿತ್ತು. ಮೊದಮೊದಲು ತಿಂಗಳಿಗೆ ಮೂರು ದಿನ. ಈಗೆರಡು ವರ್ಷದಿಂದ ನೋವಿಲ್ಲದ ದಿನವೇ ಅಪರೂಪ. "ಹೆಣ್ಣ ಹುಟ್ಟಿದ ಮ್ಯಾಲ ಇರೂದವ್ವಾ" ಎಂದು ಅಂದು ತಾಯಿ ಹೇಳಿದ್ದರು. ವೈದ್ಯಕೀಯ ಓದಿ ಮುಗಿಸಿದ ಮೇಲೂ ಆ ಮಾತು ಅವಳೊಳಗೆ ಹಾಗೇ ಕೂತಿತ್ತು. ಬೇರೆಯವರಿಗಾದರೆ ಪರೀಕ್ಷೆ ಮಾಡಿಸಲು ಬರೆದುಕೊಡುತ್ತಿದ್ದಳು. ತನ್ನದು ಕಾಯಿಲೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಅನ್ನಿಸಿದ್ದರೂ ಅದನ್ನು ಒಪ್ಪಿಕೊಳ್ಳಲು ಹೆದರಿಕೆಯಿತ್ತು. ನಿರಂತರ ನೋವಿರುವ ಡಾಕ್ಟರು ಬಳೆ ತೊಡಬಾರದೆಂಬ ನಿಯಮ ಬರೆದ ಸಮಿತಿಯಲ್ಲಿ ಅವಳೂ ಇದ್ದಳು.

"ಆ ಮಾಸ್ತಿಹೊಳಿ ಹುಡುಗ ನಿಮ್ಮ ಆಸ್ಪತ್ರಿಗೇ ಬಂದಾನಂತಲ್ಲ?" ಎಂದರು ತಾಯಿ.

"ಬಂದು ನಾಲ್ಕು ತಿಂಗಳಾತವ್ವ."

"ಮಾತಾಡ್ತಾನೇನು?"

"ಎದುರಿಗೆ ಬಂದ್ರ ಫೋನ್ ನೋಡ್ಕೋತ ಹೋಗ್ತಾರ. ನಿನ್ನೆ ಫೋನ್ ತಲಿಕೆಳಗ ಹಿಡಿದಿದ್ರು."

ತಾಯಿ ನಕ್ಕರು. ಎರಡು ವರ್ಷದ ಹಿಂದೆ ಶಸ್ತ್ರವೈದ್ಯ ಡಾ. ಗುರುಪಾದ ಮಾಸ್ತಿಹೊಳಿ ಇದೇ ಸೋಫಾದ ಮೇಲೆ ಕುಳಿತು ಕನ್ಯಾ ನೋಡಿಹೋಗಿದ್ದ. ನಾಚಿಕೆಯ ಮನುಷ್ಯ. ಮಾತಾಡಲು ತಿಳಿಯದೆ ಎರಡು ತಾಟು ಅವಲಕ್ಕಿ ತಿಂದಿದ್ದ. ಅವನಿಗೆ ಅವಳು ಒಪ್ಪಿಗೆಯಾಗಿದ್ದಳು. "ಹುಡುಗಿಗೆ ಈಗ ಮನಸ್ಸಿಲ್ಲ" ಎಂಬ ಉತ್ತರ ಹೋಗಿತ್ತು. ಕಾರಣವನ್ನು ಶಾಂಭವಿ ಯಾರಿಗೂ ಹೇಳಿರಲಿಲ್ಲ. ದಿನದ ಕೊನೆಗೆ ಹೀಗೆ ಮುದುಡಿ ಮಲಗುವ ತಾನು ಇನ್ನೊಬ್ಬರ ಮನೆಯಲ್ಲಿ ಹೇಗೆ ಇರಬಲ್ಲೆ ಎಂಬುದೇ ಅವಳ ಅಂಜಿಕೆಯಾಗಿತ್ತು.

ಬಳೆಗಳು ಸರಿಯಾಗಿವೆಯೇ ಎಂದು ವಾರಕ್ಕೊಮ್ಮೆ, ಸೋಮವಾರ, ಜೋಡಿಪರೀಕ್ಷೆ ನಡೆಯುತ್ತಿತ್ತು. ಇಬ್ಬರು ಡಾಕ್ಟರು ಎದುರುಬದುರು ಕುಳಿತು ಒಬ್ಬರನ್ನೊಬ್ಬರು ಓದಬೇಕು. ಶಾಂಭವಿ ಸೋಮವಾರ ಬೆಳಿಗ್ಗೆ ತಪ್ಪದೆ ಎರಡು ನೋವಿನ ಗುಳಿಗೆ ನುಂಗಿ ಬರುತ್ತಿದ್ದಳು. ಅವಳ ಜೋಡಿ ಯಾವಾಗಲೂ ಡಾ. ತಬಸ್ಸುಮ್ ನದಾಫ್. ಅರಿವಳಿಕೆ ತಜ್ಞೆ, ಬಳೆಗಳ ನಿಯಂತ್ರಣ ಕೊಠಡಿಯ ಮುಖ್ಯಸ್ಥೆ, ಕಾಲೇಜಿನ ದಿನಗಳಿಂದಲೂ ಶಾಂಭವಿಯ ಗೆಳತಿ.

ಆ ವಾರ ಸೋಮವಾರ ಸರಕಾರಿ ರಜೆ ಬಂತು. ಪರೀಕ್ಷೆ ಬುಧವಾರಕ್ಕೆ ಹೋಯಿತು. ಬುಧವಾರ ಬೆಳಿಗ್ಗೆ ತಬಸ್ಸುಮ್‌ಗೆ ಜ್ವರ. ಶಾಂಭವಿ ಕೊಠಡಿಗೆ ಬಂದಾಗ ಎದುರಿನ ಕುರ್ಚಿಯಲ್ಲಿ ಗುರುಪಾದ ಕುಳಿತಿದ್ದ.

"ನ-ನನಗ ಹೇಳಿದ್ರು," ಎಂದ ಅವನು, ಎದ್ದು ನಿಂತು, ಮತ್ತೆ ಕುಳಿತು. "ಬೇಕಂದ್ರ ಬೇರೆಯವರನ್ನ..."

"ಇರಲಿ ಬಿಡ್ರಿ. ಎರಡು ನಿಮಿಷದ ಕೆಲಸ," ಎಂದಳು ಶಾಂಭವಿ. ಗುಳಿಗೆ ನುಂಗಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ತಂತ್ರಜ್ಞ ಗುಂಡಿ ಒತ್ತಿದ್ದ.

ಗುರುಪಾದನ ಮುಖದ ಬಣ್ಣ ಇಳಿಯಿತು. ಮೊದಲು ಕುರ್ಚಿಯ ಕೈ ಹಿಡಿದ. ಆಮೇಲೆ ಹೊಕ್ಕುಳದ ಕೆಳಗೆ ಎರಡೂ ಕೈ ಒತ್ತಿಕೊಂಡು ಮುಂದಕ್ಕೆ ಬಾಗಿದ. ಹಣೆಯಲ್ಲಿ ಬೆವರು ಮೂಡಿತು. ಎರಡು ನಿಮಿಷ ಮುಗಿದು, ತಂತ್ರಜ್ಞ ಹೊರಗೆ ಹೋದ ಮೇಲೆ ಅವನು ಬಾಯಿಬಿಟ್ಟ.

"ಡಾಕ್ಟರ್, ಇದು ಯಾವಾಗಿಂದ?"

"ಯಾವುದು?"

"ಇದು." ಕೈ ಇನ್ನೂ ಹೊಟ್ಟೆಯ ಮೇಲೇ ಇತ್ತು.

"ಅಷ್ಟೇನಿಲ್ಲ. ಹೆಣ್ಣುಮಕ್ಕಳಿಗೆ ಎಲ್ಲಾರಿಗೂ ಇರೂದು."

"ಇದು ಹತ್ತನೇ ಒಂದು ಪಾಲು ರೀ," ಎಂದ ಗುರುಪಾದ. ಈ ಸಲ ಅವನ ಮಾತು ತೊದಲಲಿಲ್ಲ. "ಹತ್ತನೇ ಒಂದು ಪಾಲಿಗೇ ನನಗ ಎದ್ದು ನಿಂದ್ರಾಕ ಆಗವಲ್ದು. ನೀವು ಇದನ್ನ ಇಟ್ಕೊಂಡು ದಿನಕ್ಕ ಐವತ್ತು ಪೇಶಂಟ್ ನೋಡ್ತೀರಿ."

"ಯಾರಿಗೂ ಹೇಳಬ್ಯಾಡ್ರಿ. ಕೈಮುಗೀತೀನಿ. ನನ್ನ ಬಳಿ ತಗೀತಾರ."

ಅವನು ನಮೂನೆಯಲ್ಲಿ *ಬಳೆ ಸರಿಯಾಗಿ ಕೆಲಸ ಮಾಡುತ್ತಿದೆ* ಎಂದು ಬರೆದು ಸಹಿ ಮಾಡಿದ. ಅದು ಸುಳ್ಳಾಗಿರಲಿಲ್ಲ.

ಮರುದಿನ ಶಾಂಭವಿಯ ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಗಂಟು ಇತ್ತು. ಜ್ವರ ಬಿಟ್ಟು ಬಂದಿದ್ದ ತಬಸ್ಸುಮ್ ಮೊದಲು ಬಿಚ್ಚಿದಳು. ಒಳಗೆ ಕೆಂಪು ರಬ್ಬರಿನ ಬಿಸಿನೀರಿನ ಚೀಲ.

"ಮಾಸ್ತಿಹೊಳಿ ಇಟ್ಟು ಹೋದ್ರು, ನಾ ನೋಡೀನಿ," ಎಂದಳು ತಬಸ್ಸುಮ್. "ಹೂವು ಕೊಡೋದು ಕೇಳೀನಿ, ಸೀರಿ ಕೊಡೋದು ಕೇಳೀನಿ. ಬಿಸಿನೀರಿನ ಚೀಲ ಕೊಟ್ಟು ಪ್ರೀತಿ ಮಾಡೋರನ್ನ ಇದ ಮೊದಲು ನೋಡಾಕತ್ತೀನಿ. ಏನು ವಿಷಯ?"

"ಏನೂ ಇಲ್ಲ, ಸುಮ್ನಿರು," ಎಂದು ಶಾಂಭವಿ ಸಿಡುಕಿ, ಚೀಲವನ್ನು ಖಾನೆಗೆ ತುರುಕಿದಳು. ಗೆಳತಿಗೆ ಸುಳ್ಳು ಹೇಳಿದ್ದಕ್ಕೆ ಅವಳಿಗೆ ಇಡೀ ದಿನ ಕಸಿವಿಸಿಯಾಯಿತು.

ಹತ್ತೊಂಬತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಕಾಶವ್ವನನ್ನು ಆಟೋದಿಂದ ಇಳಿಸಿದರು. ಗಂಡ ಮಾನಪ್ಪ ಅವಳನ್ನು ಹೆಚ್ಚುಕಡಿಮೆ ಹೊತ್ತೇ ತಂದಿದ್ದ. ಎರಡು ದಿನದಿಂದ ವಾಂತಿ, ಹೊಟ್ಟೆ ಉಬ್ಬಿತ್ತು. ಅಂಥ ಹೊತ್ತಿನಲ್ಲೂ ಅವಳು "ಆ ಡಾಕ್ಟರಬಾಯಿ ಕಡೆ ಒಯ್ಯಬ್ಯಾಡ್ರಿ" ಎಂದು ಒದರುತ್ತಿದ್ದಳು. ತುರ್ತು ವಿಭಾಗದಲ್ಲಿ ಅಂದು ಗುರುಪಾದ ಇದ್ದ.

"ಇಷ್ಟು ದಿನಾ ಯಾಕ ಕರಕೊಂಡ ಬರಲಿಲ್ಲ?" ಎಂದು ಮಾನಪ್ಪನನ್ನು ಕೇಳಿದ.

ಮಾನಪ್ಪ ಕಿಸೆಯಿಂದ ಕಾರ್ಡು ತೆಗೆದು ತೋರಿಸಿದ. "ಇದರಾಗ ಶೂನ್ಯ ಅಂತ ಬರದಾರಲ್ರೀ ಸಾಹೇಬ್ರ. ಖಾನಾವಳಿಯವ್ರು ಇದನ್ನ ನೋಡಿ ನಾಟಕಾ ಮಾಡ್ತಿ ಅಂತ ಕೆಲಸಾ ಬಿಡಿಸಿದ್ರು. ನಮ್ಮವ್ವ ಊಟಕ್ಕ ಕರಿಯೂದು ಬಿಟ್ಲು." ಅವನು ತಲೆ ಬಗ್ಗಿಸಿದ. "ನಾನೂ ಕಾರ್ಡನ್ನ ನಂಬಿದ್ನಿರಿ. ಇಕಿನ್ನ ನಂಬಲಿಲ್ಲ."

ಗುರುಪಾದ ಬಳೆ ತೊಟ್ಟ. ತೊಟ್ಟ ಕ್ಷಣವೇ ಮಂಚದ ಕಬ್ಬಿಣ ಹಿಡಿದು ನೆಲಕ್ಕೆ ಕುಸಿದ. ಸಿಸ್ಟರ್ ಓಡಿಬಂದಳು. ಅವನು ಕೈಯೆತ್ತಿ ಬೇಡವೆಂದ. ನೋವಿನ ಹೊಡೆತಕ್ಕಿಂತ ಹೆಚ್ಚಾಗಿ ಅದರ ಗುರುತು ಅವನನ್ನು ದಂಗುಬಡಿಸಿತ್ತು. ಹೊಕ್ಕುಳದ ಕೆಳಗೆ ಹಿಂಡಿ, ಬೆನ್ನಿಗೆ ಸುತ್ತಿ, ಬಲತೊಡೆಗೆ ಇಳಿಯುವ ಆ ನೋವನ್ನು ಅವನು ಮೊದಲೇ ಅನುಭವಿಸಿದ್ದ. ಜೋಡಿಪರೀಕ್ಷೆಯ ಆ ಬುಧವಾರ ಅನುಭವಿಸಿದ್ದ.

ಶಾಂಭವಿ ಮೇಲಿನ ವಾರ್ಡಿನಲ್ಲಿದ್ದಳು. ಗುರುಪಾದ ಅವಳನ್ನು ಮೆಟ್ಟಿಲ ಬಳಿ ಕರೆದು ವಿಷಯ ಹೇಳಿದ.

"ಆಕಿಗೇನೂ ಇಲ್ಲ, ನಾ ಐದು ನಿಮಿಷ ನೋಡೀನಿ," ಎಂದಳು ಶಾಂಭವಿ.

"ನಿಮಗ ಗೊತ್ತಾಗಂಗಿಲ್ರೀ. ಆಕಿ ನೋವು ಮತ್ತ ನಿಮ್ಮ ನೋವು ಒಂದ ಬಗಿದು. ನಿಮ್ಮ ಬಳಿ ಅದನ್ನ ನಿಮ್ಮದ ಅಂತ ತಿಳಕೊಂಡು ಸೋಸಿ ಹೊರಗ ಹಾಕೇದ."

ಶಾಂಭವಿಯ ಮುಖ ಕೆಂಪಾಯಿತು. "ಎರಡು ವರ್ಷದ ಹಿಂದಿನ ಸಿಟ್ಟು ಈಗ ತೀರಿಸ್ಕೋತೀರೇನು?"

ಗುರುಪಾದ ಆ ಮಾತನ್ನು ನಿರೀಕ್ಷಿಸಿರಲಿಲ್ಲ. "ಸಿ-ಸಿಟ್ಟು ಇರಲಿಲ್ಲ," ಎಂದ. "ಬ್ಯಾಸರ ಇತ್ತು. ಅದು ಬ್ಯಾರೆ. ಒಮ್ಮೆ ಕೆಳಗ ಬರ್ರಿ. ಬಂದು ನೀವ ನೋಡ್ರಿ."

ಅವಳು ಹೋದಳು. ಕಾಶವ್ವನಿಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಹಲ್ಲು ಕಚ್ಚಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಶಾಂಭವಿ ಬಳೆ ತೊಟ್ಟಳು. ಹೆಬ್ಬೆರಳು, ಮೊಣಕಾಲು, ವಾಂತಿಯಿಂದ ಉರಿಯುವ ಗಂಟಲು, ಎಲ್ಲ ಗೊತ್ತಾಯಿತು. ಹೊಟ್ಟೆಯದು ಮಾತ್ರ ಬರಲಿಲ್ಲ. ಕಣ್ಣೆದುರು ಒಬ್ಬಳು ನೋವಿನಿಂದ ಬಿಲ್ಲಿನಂತೆ ಬಾಗುತ್ತಿದ್ದಳು. ತನ್ನ ಕೈಯ ಬಳೆ ಏನೂ ಇಲ್ಲ ಎನ್ನುತ್ತಿತ್ತು.

ಅವಳು ಫೋನೆತ್ತಿ ನಿಯಂತ್ರಣ ಕೊಠಡಿಗೆ ಮಾಡಿದಳು. "ತಬಸ್ಸುಮ್, ನನ್ನ ಸೋಸುವಿಕೆ ತಗಿ."

"ಯಾಕ? ಹಂಗ ತಗಿಯಾಕ ಬರೂದಿಲ್ಲ."

"ಅರ್ಧ ನಿಮಿಷ ತಗಿ. ತಗದು ಪರದೆ ನೋಡು. ನನಗ ನೋವು ಐತಿ, ಇಪ್ಪತ್ತು ವರ್ಷದಿಂದ. ನಿನಗ ಹೇಳಿಲ್ಲ."

ಆ ಕಡೆ ಕೀಲಿಮಣೆಯ ಸದ್ದು ಕೇಳಿತು.

ಅದು ಬಂತು. ತನ್ನ ನೋವಿನ ಮೇಲೆ ಅದರದೇ ಇನ್ನೊಂದು ಪದರ ಇಟ್ಟಂತೆ, ಅದೇ ಜಾಗಕ್ಕೆ, ಅದೇ ಹಾದಿ ಹಿಡಿದು. ಯಾವುದು ತನ್ನದು, ಯಾವುದು ಕಾಶವ್ವನದು ಎಂದು ಬೇರ್ಪಡಿಸಲು ಅವಳಿಗೆ ಆಗಲಿಲ್ಲ. ಅರ್ಧ ನಿಮಿಷ ಮುಗಿದಾಗ ಅವಳು ಮಂಚದ ಅಂಚಿನಲ್ಲಿ ಕುಳಿತು ಕಾಶವ್ವನ ಕೈ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದದ್ದೋ ಅವಳಿಗೇ ಗೊತ್ತಿರಲಿಲ್ಲ.

"ಆಪರೇಶನ್ ಥೇಟರಿಗೆ ಒಯ್ರಿ," ಎಂದಳು ಗುರುಪಾದನಿಗೆ. "ತಡಾ ಮಾಡಬ್ಯಾಡ್ರಿ."

ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಬೆಳೆಯಬಾರದ ಜಾಗದಲ್ಲಿ ಬೆಳೆಯುವ ಕಾಯಿಲೆ ಒಂದಿದೆ, ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಸ್ಕ್ಯಾನಿನ ಕಣ್ಣಿಗೆ ಅದು ಎಷ್ಟೋ ಸಲ ಬೀಳುವುದಿಲ್ಲ. ಕಾಶವ್ವನ ಹೊಟ್ಟೆಯಲ್ಲಿ ಅದು ಕರುಳಿನ ಒಂದು ಸುರುಳಿಯನ್ನು ಗರ್ಭಕೋಶಕ್ಕೆ ಅಂಟಿಸಿ, ಹಿಸುಕಿ, ದಾರಿ ಕಟ್ಟಿಬಿಟ್ಟಿತ್ತು. ಗುರುಪಾದ ಮತ್ತು ಸ್ತ್ರೀರೋಗ ತಜ್ಞೆ ನಾಲ್ಕು ಗಂಟೆ ನಿಂತು ಬಿಡಿಸಿದರು. ತಬಸ್ಸುಮ್ ಅರಿವಳಿಕೆ ಕೊಟ್ಟಳು. ಇನ್ನೊಂದು ದಿನ ತಡವಾಗಿದ್ದರೆ ಕರುಳು ಕೊಳೆತು ಜೀವ ಉಳಿಯುತ್ತಿರಲಿಲ್ಲ.

ಹೊರಗೆ ಬಂದ ತಬಸ್ಸುಮ್ ಗೆಳತಿಯ ಪಕ್ಕದ ಬೆಂಚಿನ ಮೇಲೆ ಕುಳಿತಳು. "ಉಳಿದಾಳ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಾಸ್ಟೆಲಿನ್ಯಾಗ ನೀ ಪರೀಕ್ಷಾ ದಿನ ನೆಲಕ್ಕ ಮಲಗಿದ್ದಿ. ತಂಪು ಹತ್ತತೈತಿ ಅಂತ ಹೇಳಿದ್ದಿ. ನಾ ನಂಬಿಬಿಟ್ಟೆ. ನಾ ಎಂಥಾ ಗೆಳತಿ?" ಎಂದಳು. ಶಾಂಭವಿ ಅವಳ ಹೆಗಲಿಗೆ ತಲೆಯಿಟ್ಟಳು. ಇಬ್ಬರೂ ಅತ್ತರು.

ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಶಾಂಭವಿ ಮೂರು ವರ್ಷದಲ್ಲಿ ಶೂನ್ಯ ಎಂದು ಬರೆದ ಹೊಟ್ಟೆನೋವಿನ ಕಾರ್ಡುಗಳು ಅರವತ್ತೊಂದು ಇದ್ದವು. ತಬಸ್ಸುಮ್ ಎರಡು ದಿನ ಕೂತು ಯಂತ್ರದಲ್ಲಿ ಉಳಿದಿದ್ದ ಹಳೆಯ ದಾಖಲೆಗಳನ್ನೆಲ್ಲ ಸೋಸುವಿಕೆಯಿಲ್ಲದೆ ಮತ್ತೆ ಓದಿಸಿದಳು. ಮೂವತ್ತೆಂಟು ನಿಜವಾಗಿಯೂ ಶೂನ್ಯ. ಇಪ್ಪತ್ಮೂರು ಅಲ್ಲ. ಇಪ್ಪತ್ಮೂರೂ ಹೆಂಗಸರು.

"ಯಂತ್ರ ತಿದ್ದೋಣ, ನಿಮಗ ಬೇರೆ ವಿಭಾಗ ಕೊಡೋಣ," ಎಂದರು ಆಸ್ಪತ್ರೆಯ ಅಧೀಕ್ಷಕರು. "ಹಳೇದನ್ನ ಕೆದಕಿದ್ರ ಜನ ಬಳಿ ಮ್ಯಾಲಿನ ನಂಬಿಕಿನ ಬಿಡ್ತಾರ. ಅದರಿಂದ ಎಷ್ಟು ಮಂದಿಗೆ ಒಳ್ಳೇದಾಗೇದ, ಅದನ್ನೂ ವಿಚಾರ ಮಾಡ್ರಿ."

ಅವರು ಕೆಟ್ಟ ಮನುಷ್ಯರಲ್ಲ. ಅವರ ಮಾತಿನಲ್ಲೂ ಸತ್ಯವಿತ್ತು. ಶಾಂಭವಿ ಅಲ್ಲಿಂದ ನೇರವಾಗಿ ಕಾಶವ್ವನ ವಾರ್ಡಿಗೆ ಹೋದಳು.

ಕಾಶವ್ವ ದಿಂಬಿಗೆ ಒರಗಿ ಗಂಜಿ ಚೆನ್ನಾಗಿಲ್ಲವೆಂದು ಸಿಸ್ಟರಿಗೆ ಬೈಯುತ್ತಿದ್ದಳು. ಶಾಂಭವಿಯನ್ನು ನೋಡಿ ಮುಖ ತಿರುಗಿಸಿದಳು.

"ಕಾಶವ್ವ, ನನ್ನ ತಪ್ಪಾತು. ನೀವು ಖರೇ ಹೇಳಿದ್ರಿ."

"ಅದು ನನಗ ಮೊದ್ಲ ಗೊತ್ತಿತ್ತು." ಈ ಕಡೆ ತಿರುಗಿದಳು. "ನಿನಗೂ ಐತಂತಲ್ಲ? ಸಿಸ್ಟರ್ ಹೇಳಿದ್ಲು."

"ಹೂಂ."

"ಬೆನ್ನಿಗೆ ಬರ್ತೈತೇನು?"

"ಬರ್ತೈತಿ."

"ತೊಡಿಗೆ ಇಳೀತೈತಿ? ಕುಂತ್ರ ಹೆಚ್ಚು, ನಿಂತ್ರ ಹೆಚ್ಚು?"

"ಹೂಂ. ಬೋರಲ ಮಲಗಿದ್ರ ಒಂಚೂರು ಸಣ್ಣದಾಗತೈತಿ."

"ದಿಂಬು ಒತ್ತಿ ಹಿಡೀಬೇಕು, ಹೊಟ್ಟಿ ಬುಡಕ," ಎಂದಳು ಕಾಶವ್ವ, ಅನುಭವಸ್ಥಳ ಗತ್ತಿನಲ್ಲಿ. "ಬಂದಾಗ ನೀ ಏನ ಮಾಡ್ತಿದ್ದಿ?"

"ಕೆಲಸಾ ಮಾಡ್ತಿದ್ದೆ."

"ನಾನೂ ಅದನ್ನ ಮಾಡಿದ್ನೆವಾ. ಒಂದು ಕೈಲೆ ರೊಟ್ಟಿ ಬಡದೀನಿ, ಒಂದು ಕೈಲೆ ಹೊಟ್ಟಿ ಹಿಡದೀನಿ." ಅವಳು ಸಿಟ್ಟಿನಿಂದ ಕಣ್ಣೊರೆಸಿಕೊಂಡಳು. "ನೋವು ತಡಕೋಬಹುದು. ಸುಳ್ಳಿ ಅಂತ ಅನಿಸ್ಕೊಂಡು ಮನ್ಯಾಗ ಓಡಾಡೂದು ತಡ್ಕೊಳ್ಳಾಕ ಆಗೂದಿಲ್ಲ. ನನ್ನಂಥಾವ್ರು ಇನ್ನೂ ಅದಾರೇನು?"

"ಇಪ್ಪತ್ತೆರಡು ಮಂದಿ."

"ಮತ್ತ ನನ್ನ ಮುಂದ ಯಾಕ ಕುಂತಿ? ಎದ್ದ ಹೋಗು."

ಮರುದಿನ ಶಾಂಭವಿ ತನ್ನ ಬಳೆಯನ್ನು ಆಸ್ಪತ್ರೆಗೆ ಒಪ್ಪಿಸಿ, ನಡೆದದ್ದನ್ನೆಲ್ಲ ಬರೆದು ಸಮಿತಿಗೆ ಕಳಿಸಿದಳು. ಒಬ್ಬ ಡಾಕ್ಟರು ಶೂನ್ಯ ಎಂದರೆ ಇನ್ನೊಬ್ಬರೂ ಬಳೆ ತೊಟ್ಟು ನೋಡಬೇಕು, ಅಲ್ಲಿಯವರೆಗೆ ಆ ಪದ ಬರೆಯಕೂಡದು ಎಂಬ ನಿಯಮ ಆಮೇಲೆ ಎಲ್ಲ ಕಡೆ ಬಂತು. ಅವಳ ಹೆಸರು ಪತ್ರಿಕೆಗಳಲ್ಲಿ ಬಂತು, ಹೊಗಳಿಕೆಯಾಗಿ ಅಲ್ಲ. ತಾಯಿ ಆ ಪತ್ರಿಕೆ ಓದಿ ಅಡುಗೆಮನೆಯಿಂದ ಹೊರಗೆ ಬಂದು, "ನಾ ಅಂದು ನಿನ್ನ ದವಾಖಾನಿಗೆ ಕರಕೊಂಡ ಹೋಗಬೇಕಾಗಿತ್ತು," ಎಂದಷ್ಟೇ ಹೇಳಿದರು.

ಕ್ಯಾಂಟೀನಿನಲ್ಲಿ ಒಂದು ದಿನ ಶಾಂಭವಿ ತಾನೇ ಹೋಗಿ ಗುರುಪಾದನ ಎದುರು ಕುಳಿತಳು. ಅವನ ಕೈ ಫೋನಿನ ಕಡೆ ಹೋಯಿತು. ಅವಳು ಅದನ್ನು ದೂರ ಸರಿಸಿದಳು. ಎರಡು ವರ್ಷದ ಹಿಂದೆ ಬೇಡವೆಂದ ಕಾರಣ ಹೇಳಿದಳು.

"ನಾ ಎರಡನೇ ತಾಟು ಅವಲಕ್ಕಿ ತಿನ್ನಬಾರದಿತ್ತು ಅಂತ ಮಾಡಿದ್ದೆ," ಎಂದ ಗುರುಪಾದ.

ಶಾಂಭವಿ ನಕ್ಕಳು. ನಗುತ್ತಲೇ ನೋವಿಗೆ ಹೊಟ್ಟೆ ಹಿಡಿದುಕೊಂಡಳು. "ಬರೋ ತಿಂಗಳು ಬೆಳಗಾವಿಯೊಳಗ ನನ್ನ ಆಪರೇಶನ್. ಅವ್ವ ಒಬ್ಬಾಕಿನ ಇರ್ತಾಳ."

"ನಾ ಬರ್ತೀನಿ," ಎಂದ ಅವನು, ಅವಳ ಮಾತು ಮುಗಿಯುವ ಮೊದಲೇ. "ಅಂದ್ರ... ಬೇಕಾದ್ರ. ರಜಾ ಅದ ನನಗ."

"ಬರ್ರಿ," ಎಂದಳು.

ಇಪ್ಪತ್ತೆರಡು ಫೋನುಗಳನ್ನು ಅವಳು ಬೇರೆ ಯಾರಿಗೂ ಬಿಡಲಿಲ್ಲ. ದಿನಕ್ಕೆ ನಾಲ್ಕೈದು ಮಾಡಿದಳು. ಕೆಲವರು ಬೈದರು. ಒಬ್ಬಳು ಮಾತಿಲ್ಲದೆ ಇಟ್ಟುಬಿಟ್ಟಳು. ಇಬ್ಬರು ಅಂದೇ ಬಸ್ಸು ಹಿಡಿದು ಬಂದರು. ಒಂದು ನಂಬರಿನಲ್ಲಿ ಗಂಡಸಿನ ದನಿ, ಆಕೆ ಗಂಡನ ಮನೆ ಬಿಟ್ಟು ಹೋಗಿ ವರ್ಷವಾಯಿತು ಎಂದು ಹೇಳಿತು; ಶಾಂಭವಿ ತವರಿನ ನಂಬರು ಹುಡುಕಿ ತೆಗೆಸಿದಳು.

ಕೊನೆಯ ಹೆಸರು ಅಣ್ಣಿಗೇರಿಯ ಫಕೀರವ್ವ. ಇಪ್ಪತ್ತಾರು ವರ್ಷ. ಮಧ್ಯಾಹ್ನದ ಹೊತ್ತು, ಹಿಂದೆ ಪಾತ್ರೆಗಳ ಸದ್ದು, ಯಾರೋ ಗಟ್ಟಿಯಾಗಿ ಮಾತಾಡುತ್ತಿದ್ದರು. ಶಾಂಭವಿ ತಾನು ಯಾರೆಂದು ಹೇಳಿದಳು. ಒಂದೂವರೆ ವರ್ಷದ ಹಿಂದೆ ಕಾರ್ಡಿನಲ್ಲಿ ಬರೆದದ್ದು ತಪ್ಪು, ಆ ದಿನ ನಿಮಗೆ ನೋವಿತ್ತು, ಬಹಳವೇ ಇತ್ತು, ಅದಕ್ಕೆ ಔಷಧವಿದೆ, ಬನ್ನಿ ಎಂದಳು.

ಆ ಕಡೆಯಿಂದ ಸಣ್ಣ ದನಿ ಕೇಳಿತು.

"ಹಂಗಾರ ನಾ ಸುಳ್ಳ ಹೇಳಿರಲಿಲ್ಲ, ಅಲ್ರೀ?"

"ಇಲ್ರೀ ಫಕೀರವ್ವ. ಒಂದು ಅಕ್ಷರಾನೂ ಸುಳ್ಳಲ್ಲ."

"ತಡೀರಿ ಬಾಯಾರ. ಇಡಬ್ಯಾಡ್ರಿ." ಹೆಜ್ಜೆಗಳ ಸದ್ದು. ಮಾತಾಡುತ್ತಿದ್ದ ದನಿಗಳು ಹತ್ತಿರವಾದವು, ಆಮೇಲೆ ಒಮ್ಮೆಲೇ ನಿಂತವು. "ಸ್ಪೀಕರ್ ಹಚ್ಚೀನಿ. ನಮ್ಮ ಅತ್ತಿ, ಮಾವ, ಇವರು, ಎಲ್ಲಾರೂ ಇಲ್ಲೇ ಊಟಕ್ಕ ಕುಂತಾರ. ಈಗ ನನಗ ಹೇಳಿದ್ರಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ. ಜೋರಾಗಿ."

ಶಾಂಭವಿ ಕುರ್ಚಿಯಿಂದ ಎದ್ದು ನಿಂತಳು. ಮೊದಲಿನಿಂದ ಮತ್ತೆ ಹೇಳತೊಡಗಿದಳು.